ಹೊಳ್ಳಿ ನೋಡಬ್ಯಾಡ

"ಹೊಸ್ತಿಲಕ್ಕ ಅಡ್ಡ ಮಲಗು. ಹೊಟ್ಟಿ ಕೆಳಗ, ಬೆನ್ನು ಮ್ಯಾಲ," ಎಂದಳು ಬಡೇಬೀ.

ಲಾರಿ ಡ್ರೈವರ್ ಹನುಮಂತ್ರಾಯ ಚಪ್ಪಲಿ ಕಳಚಿ, ಹಲ್ಲು ಕಚ್ಚಿಕೊಂಡು ಬೋರಲಾದ. ಹೆಂಡತಿ ಅಮರಮ್ಮ ಅಂಗಳದಲ್ಲೇ ಸೆರಗು ಬಾಯಿಗೆ ಇಟ್ಟುಕೊಂಡು ನಿಂತಳು. ದೇವದುರ್ಗದ ಈ ಮುದುಕಿ ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಎಡಗಾಲಿನಿಂದ ಮೂರು ಸಲ ಒದ್ದರೆ ಎಂಥ ಸೊಂಟನೋವೂ ಓಡಿಹೋಗುತ್ತದೆಂದು ಸುತ್ತಲಿನ ಜನ ನಂಬಿದ್ದರು. ಕಟ್ಟಳೆ ಒಂದೇ. ಒದೆಸಿಕೊಂಡು ಹೊರಟವರು ಹಿಂದಿರುಗಿ ನೋಡಬಾರದು, ನೋಡಿದರೆ ನೋವು ಬೆನ್ನು ಹತ್ತಿ ಬರುತ್ತದೆ. ಸಂಕಟ ಬಂದಾಗ ವೆಂಕಟರಮಣ ಅಂತಾರಲ್ಲ, ಹನುಮಂತ್ರಾಯನ ಸಂಕಟಕ್ಕೆ ಬಡೇಬೀಯ ಎಡಗಾಲು ಸಿಕ್ಕಿತ್ತು.

ಬೇರೆ ದಾರಿ ಇರಲಿಲ್ಲ ಅಂತಲ್ಲ. ಹೋದ ವಾರವಷ್ಟೇ ರಾಯಚೂರಿನ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ತೋರಿಸಿದ್ದರು. "ಎರಡು ಎಲುಬಿನ ನಡುವಿನ ಮೆತ್ತಿ ಜಾರಿ ನರಾ ಒತ್ತಾಕತ್ತದ. ಅದಕ್ಕೇ ಸೊಂಟದಿಂದ ಬಲಗಾಲಿನ ಹೆಬ್ಬೆರಳತನಕ ಎಳೀತದ. ಆರು ವಾರ ಹಲಗಿ ಮ್ಯಾಲ ಮಲಗು, ಕಾಲಿಗೆ ತೂಕ ಕಟ್ತೀವಿ. ಅದಕ್ಕೂ ಬಗ್ಗಲಿಲ್ಲಂದ್ರ ಹೈದರಾಬಾದಿನಾಗ ಆಪರೇಷನ್." ಹೊರಡುವಾಗ ಮತ್ತೆ ಕರೆದು ಹೇಳಿದ್ದರು: "ನೋವು ಇರೋತನಕ ಅಷ್ಟು ಅಂಜಿಕಿಲ್ಲ. ಒಮ್ಮಿಗೇ ನೋವು ನಿಂತು ಕಾಲು ಜೋಮು ಹಿಡೀತಂದ್ರ ಮಾತ್ರ ಅವತ್ತೇ ಓಡಿ ಬಾ."

"ನೋವು ನಿಂತ ಮ್ಯಾಲ ನಿಮ್ಮತ್ರ ಯಾರ್ ಬರ್ತಾರ್ರೀ ಸಾಹೇಬ್ರ?" ಎಂದು ಹನುಮಂತ್ರಾಯ ನಕ್ಕುಬಿಟ್ಟಿದ್ದ. ಆಪರೇಷನ್ ಎಂದರೆ ಅವನಿಗೆ ಮಾನ್ವಿಯ ಡ್ರೈವರೊಬ್ಬ ಕಣ್ಣಿಗೆ ಕಟ್ಟುತ್ತಿದ್ದ. ಅವನು ಹೈದರಾಬಾದಿನಿಂದ ಬಂದವನು ಮಂಚ ಬಿಟ್ಟು ಎದ್ದಿರಲಿಲ್ಲ. ಹಲಗೆಯಾದರೂ ಆಗಲಿ ಎಂದು ಅಮರಮ್ಮ ಗೋಗರೆದಳು. "ಆರು ವಾರ ಮಲಗಿದ್ರ ಸಾಹುಕಾರ ಗಾಡಿ ಬ್ಯಾರೇದವಗ ಕೊಡ್ತಾನ. ಗಾಡಿ ಇಲ್ಲದ ನಾ ಏನ್ ಮನಷ್ಯಾ?" ಎಂದ. ಹೀಗಾಗಿ ಹತ್ತಿ ತುಂಬಲು ದೇವದುರ್ಗಕ್ಕೆ ಬಂದ ಲಾರಿಯಲ್ಲಿ ಅವಳೂ ಕೂತು ಬಂದಿದ್ದಳು.

ಬಡೇಬೀ ಬಾಗಿಲ ಚೌಕಟ್ಟು ಹಿಡಿದು ಕಾಲೆತ್ತಿದಳು. ಮೊದಲ ಎರಡು ಸಲ ಬರೀ ಮುಟ್ಟಿದ ಹಾಗಿತ್ತು. ಮೂರನೆಯ ಸಲ ಒಳಗೆಲ್ಲೋ ಲಟಕ್ ಎಂದದ್ದು ಅಂಗಳದಲ್ಲಿದ್ದ ಅಮರಮ್ಮನಿಗೂ ಕೇಳಿಸಿತು. ಹನುಮಂತ್ರಾಯ ಎದ್ದ. ಮೂರು ತಿಂಗಳ ಮೇಲೆ ನೆಟ್ಟಗೆ ನಿಂತ. "ಹೋತು! ಪೂರ್ತಿ ಹೋತು ನೋಡ!" ಎಂದವನ ಕಣ್ಣಲ್ಲಿ ನೀರು. ಗಂಡನ ಮುಖ ನೋಡಿ ಅಮರಮ್ಮನಿಗೂ ಅಳು ಬಂತು. ಬಡೇಬೀ ಮಾತ್ರ ಗೋಡೆಗೆ ಒರಗಿ ಕೂತು ತನ್ನ ಪಾದವನ್ನೇ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಗಲ್ಲಿಯಲ್ಲಿ ಹತ್ತು ಹೆಜ್ಜೆ ಹೋಗಿರಬೇಕು, ಹಿಂದಿನಿಂದ ಕೂಗು ಬಂತು.

"ಏ ಯಪ್ಪಾ, ನಿಂದ್ರು! ನೋವು ಬಿಡಿಸಿದಾಗೆಲ್ಲ ನನ್ ಕಾಲು ಕೆಂಡದಂಗ ಉರೀತದ. ಇವತ್ತು ತಣ್ಣಗ ಅದ. ನಿನ್ ನೋವು ನನ್ ಕಡಿ ಬರಲಿಲ್ಲೋ! ಮತ್ತ ಎಲ್ಲಿಗ್ ಹೋತದು? ಹೊಳ್ಳಿ ನೋಡು, ಇಲ್ಲಿ ಹೊಳ್ಳಿ ನೋಡು!"

ಅಮರಮ್ಮನ ಕುತ್ತಿಗೆ ಇನ್ನೇನು ತಿರುಗಬೇಕು, ಗಂಡ ಅವಳ ಕೈ ಜಗ್ಗಿದ. "ಹೊಳ್ಳಿ ನೋಡಬ್ಯಾಡ. ಮುದುಕಿ ಪರೀಕ್ಷಾ ಮಾಡಾಕತ್ಯಾಳ." ಕೂಗು ಗಲ್ಲಿಯ ತಿರುವಿನವರೆಗೂ ಅವರ ಹಿಂದೆಯೇ ಬಂದು ಗಪ್ಪನೆ ನಿಂತಿತು. ನಿಂತ ಮೇಲೆ ಅವಳಿಗೆ ಇನ್ನೂ ಹೆಚ್ಚು ಭಯವಾಯಿತು.

ಹತ್ತಿ ತುಂಬಿದ ಲಾರಿ ರಾಯಚೂರಿನ ಹಾದಿ ಹಿಡಿಯಿತು. ಯುಗಾದಿಗೆ ಇನ್ನೂ ವಾರವಿತ್ತು, ಬಿಸಿಲು ಆಗಲೇ ಕುದಿಯುತ್ತಿತ್ತು. ಕ್ಯಾಬಿನ್ನಿನ ತಗಡಿನ ಕಾವಿಗೆ ಅಮರಮ್ಮ ಚಪ್ಪಲಿ ಮೆಟ್ಟಿಯೂ ಕಾಲು ಎತ್ತೆತ್ತಿ ಇಡುತ್ತಿದ್ದಳು. ಹನುಮಂತ್ರಾಯ ಸಿಳ್ಳೆ ಹಾಕುತ್ತಿದ್ದ. ಸುಮ್ಮನೆ ಅವನ ಕಾಲ ಕಡೆ ನೋಡಿದಳು. ಎಡಗಾಲಿನಲ್ಲಿ ಚಪ್ಪಲಿ ಇತ್ತು. ಬಲಗಾಲು ಬರಿದಾಗಿತ್ತು.

"ನಿಮ್ಮ ಇನ್ನೊಂದ್ ಚಪ್ಪಲ್ ಎಲ್ರೀ?"

"ಎರಡೂ ಕಾಲಾಗ ಅವಲ್ಲ."

ಅವಳು ಬಗ್ಗಿದಳು. ಅಂಗಾಲಿನಲ್ಲಿ ಜಾಲಿಮುಳ್ಳು ಬುಡದವರೆಗೂ ಇಳಿದಿತ್ತು, ರಕ್ತ ತಗಡಿನ ಮೇಲೆ ಹರಿದು ಒಣಗಿತ್ತು. ಮುಳ್ಳನ್ನು ಉಗುರಿನಿಂದ ಹಿಡಿದು ಕಿತ್ತಳು. ಅವನ ಸಿಳ್ಳೆ ನಿಲ್ಲಲಿಲ್ಲ. ಮುದುಕಿ ಕೂಗಿದ್ದು ಯಾಕೆಂದು ಅವಳಿಗೆ ಆಗ ಹೊಳೆಯಿತು. ಡಾಕ್ಟರ ಮಾತೂ ನೆನಪಾಯಿತು. "ಗಾಡಿ ನಿಂದ್ರಸ್ರಿ," ಎಂದು ಅವನ ಭುಜ ತಟ್ಟಿದಳು.

ಮುಂದೆ ಇಳಿಜಾರು. ಕೆಳಗೆ ರಸ್ತೆಯ ತುಂಬ ಕುರಿಗಳು, ಅವುಗಳ ನಡುವೆ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡ ಒಬ್ಬ ಹೆಂಗಸು. ಲಾರಿ ಓಟ ತಗ್ಗಿಸಲಿಲ್ಲ. ಸಿಳ್ಳೆ ನಿಂತಿತು. ಕಣ್ಣನ್ನು ರಸ್ತೆಯಿಂದ ಕೀಳದೆ, ಮೆಲ್ಲಗೆ ಹನುಮಂತ್ರಾಯ ಕೇಳಿದ:

"ಅಮರಾ, ಬಗ್ಗಿ ನೋಡು. ನನ್ ಕಾಲು ಬ್ರೇಕಿನ ಮ್ಯಾಲ ಅದ ಇಲ್ಲ?"