ಬೀಜ ಕಚ್ಚಿ ನೋಡಿದ್ದು

ತೇವ ಅಳೆಯುವ ಮೀಟರಿನ ಗುಂಡಿ ಒತ್ತಬೇಕಿದ್ದ ಪಂಪಮ್ಮ, ರಾಶಿಯ ಹತ್ತಿಯಿಂದ ಒಂದು ಬೀಜ ಬಿಡಿಸಿ ಬಾಯಿಗೆ ಹಾಕಿಕೊಂಡಳು. ಹತ್ತಿಯಿಂದ ಬೀಜ ಬೇರ್ಪಡಿಸುವ ಆದೋನಿಯ ಆ ಜಿನ್ನಿಂಗ್ ಮಿಲ್ಲಿನಲ್ಲಿ ಅದು ತರಬೇತಿಯ ಮೂರನೆಯ ದಿನ, ಪರೀಕ್ಷೆಯ ಹೊತ್ತು. ತಪ್ಪಿದವರು ನಾಳೆಯಿಂದ ಹತ್ತಿ ನೋಡುವ ಕೆಲಸ ಬಿಟ್ಟು ಅಂಗಳ ಗುಡಿಸಬೇಕಿತ್ತು.

"ಬಾಯಿಗ್ಯಾಕಮ್ಮಾ?" ಎಂದ ತರಬೇತುದಾರ ಸುಯಮೀಂದ್ರ. ಅವನು ಗೋಡೆಯ ಮೇಲೆ ನಲವತ್ತು ಸ್ಲೈಡ್ ತೋರಿಸಿದ್ದ. ಮೀಟರಿನ ಅಂಕಿ ಹನ್ನೆರಡು ದಾಟಿದರೆ ಹತ್ತಿ ಹಸಿ ಎಂದು ಎಷ್ಟೋ ಸಲ ಹೇಳಿದ್ದ. ತರಬೇತಿಗೆ ಬಂದ ಹೆಂಗಸರು ಪ್ರತಿ ಸಲವೂ ತಲೆಯಾಡಿಸಿದ್ದರು. ಆದರೆ ಬೆಳಗಿನಿಂದ ಒಬ್ಬರೂ ಪಾಸಾಗಿರಲಿಲ್ಲ. ಮೀಟರಿನ ಅಂಕಿ ಸರಿಯಾಗಿ ಓದುತ್ತಿದ್ದರು. ಈ ಹತ್ತಿ ತಗೊಳ್ಳಬೇಕೋ ಬೇಡವೋ ಎಂದರೆ ಗೋಡೆ ನೋಡುತ್ತಿದ್ದರು.

"ಕಚ್ಚಿದಾಗ ಕಟ್ ಅಂದ್ರ ಒಣಗೇತಿ ಅಂತ. ಇದು ಮೆತ್ತಗ ಐತ್ರಿ ಸರ, ಹಸಿ," ಎಂದು ಪಂಪಮ್ಮ ಆಮೇಲೆ ಗುಂಡಿ ಒತ್ತಿದಳು. ಹದಿನಾಲ್ಕು.

ಸುಯಮೀಂದ್ರ ಪರೀಕ್ಷೆಯ ಹಾಳೆಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಅದೇ ರಾಶಿಯ ಬೀಜವೊಂದನ್ನು ತಾನೂ ಕಚ್ಚಿದ. ಸದ್ದಿಲ್ಲದೆ ಅಪ್ಪಚ್ಚಿಯಾಯಿತು. ಪಕ್ಕದ ರಾಶಿಯದು ಕಟ್ ಎಂದಿತು. ಅಲ್ಲಿ ಮೀಟರ್ ಎಂಟು ತೋರಿಸಿತು. "ಎಲ್ಲಾರೂ ಬರ್ರಿ ಇಲ್ಲಿ," ಎಂದ. "ಮೊದ್ಲು ಕಚ್ಚಿ ನೋಡ್ರಿ. ಆಮ್ಯಾಲೆ ಗುಂಡಿ ಒತ್ರಿ."

ಪಂಪಮ್ಮ ಮೆತ್ತಗಿನ ಬೀಜಕ್ಕೆ ಹದಿನಾಲ್ಕು, ಕಟ್ ಎಂದದ್ದಕ್ಕೆ ಎಂಟು ಎಂದು ಮನಸ್ಸಿನಲ್ಲೇ ಹೊಂದಿಸಿಕೊಳ್ಳುತ್ತ ನಿಂತಿದ್ದಳು. "ಮೂರು ದಿನದಿಂದ ಹೇಳಾಕತ್ತಿದ್ದು ಇದನ್ನೇನ್ರಿ ಸರ?"

ಈ ಸಲ ಸುಯಮೀಂದ್ರನೇ ತಲೆಯಾಡಿಸಿದ. ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಬೀಜದ ಸಿಪ್ಪೆಯನ್ನು ಅವನ ನಾಲಿಗೆ ಹುಡುಕುತ್ತಿತ್ತು.