ಪರಸ್ಥಾನ

ಫ್ರಾನ್ಸಿನ ಆ ಹಳ್ಳಿಗೆ ಬಂದು ವಾರವಾದರೂ ಮೇಷ್ಟ್ರ ನಡಿಗೆ ನಕ್ಷೆಯ ಮೇಲೆಯೇ ಉಳಿದಿತ್ತು. ಅವರು ನಕ್ಷೆ ಬಿಚ್ಚಿದರೆ ಹೆಂಡತಿ ಪಂಚಾಂಗ ಬಿಚ್ಚುತ್ತಿದ್ದರು.

"ನಾಡಿದ್ದು ವಿಮಾನ ಕಣೇ. ನಾಳೆ ಆ ಪೂರ್ವದ ದಿಬ್ಬದ ಕೋಟೆಗಾದ್ರೂ ನಡೆದು ಬರ್ತೀನಿ."

"ನಾಳೆ ಸೋಮವಾರ, ಪೂರ್ವಕ್ಕೆ ವಾರಶೂಲೆ, ಆ ದಿಕ್ಕಿಗೆ ಹೊರಡಬಾರದು. ಹೋಗಲೇಬೇಕು ಅಂದ್ರೆ ಇವತ್ತೇ ಪರಸ್ಥಾನ ಇಟ್ಟುಬನ್ನಿ."

ಹೊರಡುವವರ ಸಾಮಾನು ಒಳ್ಳೆಯ ಗಳಿಗೆಯಲ್ಲಿ ಬೇರೆಯವರ ಮನೆ ಸೇರಿದರೆ ಅವರೇ ಹೊರಟಂತೆ ಲೆಕ್ಕ; ಶೂಲೆ ತಟ್ಟದು. ಮೇಷ್ಟ್ರು ಬೂಟು, ಕೋಲು, ನಕ್ಷೆ, ಚಪಾತಿಯ ಬುತ್ತಿ ಎಲ್ಲವನ್ನೂ ಪಕ್ಕದ ಮನೆಯ ಮುದುಕನ ಕೈಗಿತ್ತರು. ಭಾಷೆ ಬಾರದ್ದರಿಂದ ಕೋಟೆಯ ಕಡೆ ಬೆರಳು ತೋರಿಸಿ, ಕೈಮುಗಿದು ಬಂದರು.

ಬೆಳಿಗ್ಗೆ ಹೋದರೆ ಆ ಮನೆಗೆ ಬೀಗ. ಪೂರ್ವದ ದಿಬ್ಬದ ಮೇಲೆ ಮುದುಕ, ಮೇಷ್ಟ್ರ ಬೂಟು ತೊಟ್ಟು, ಚಪಾತಿ ಬಾಯಲ್ಲಿ ಕಚ್ಚಿಕೊಂಡು, ಇತ್ತ ತಿರುಗಿ ಕೈಮುಗಿದ.