ಅಳತೆಗೆ ಹಳೆಯ ಅಂಗಿ

ಕುಬಿಹಾಳದ ತವರಿಗೆ ಹೋಗುತ್ತೇನೆಂದು ಹೇಳಿ ಬಂದ ತಬಸುಮ್ ಕಲಘಟಗಿಯಲ್ಲಿ ಇಳಿದವಳು ಅಲ್ಲಿಗೆ ಹೋಗಲು ಹತ್ತಬೇಕಾದ ಹುಬ್ಬಳ್ಳಿ ಬಸ್ಸಿನ ಕಡೆ ತಿರುಗಿಯೂ ನೋಡಲಿಲ್ಲ. ಸೀದಾ ಪೇಟೆಯ ಹಾದಿ ಹಿಡಿದಳು. ಅದೇ ಬಸ್ಸಿನ ಹಿಂದಿನ ಬಾಗಿಲಿನಿಂದ ಇಳಿದ ಅವಳ ಗಂಡ ಯುನೂಸ್, ಮುಖಕ್ಕೆ ಟವೆಲ್ ಸುತ್ತಿಕೊಂಡು ಬೆನ್ನು ಹತ್ತಿದ. ಅವಳು ಒಮ್ಮೆಯೂ ಹಿಂದೆ ನೋಡಲಿಲ್ಲ. ನಡಿಗೆ ಮಾತ್ರ ನಿಧಾನವಾಗಿತ್ತು.

ಸುದ್ದಿ ಕೊಟ್ಟವಳು ಹಸನಬಿ, ತಬಸುಮ್‌ಳ ಸ್ವಂತ ಚಿಕ್ಕಮ್ಮ. ನಿನ್ನೆ ತಂಬೂರು ಎಂಬ ಊರಿನಲ್ಲಿದ್ದ ಯುನೂಸನ ದರ್ಜಿ ಅಂಗಡಿಗೆ ಬಂದು, ಒಳಗೆ ಕಾಲಿಡದೆ ಹೊಸ್ತಿಲಾಚೆಯೇ ನಿಂತು ಹೇಳಿದಳು: "ನಿನ್ನ ಹೇಂತಿ ಗುರುವಾರಕ್ಕೊಮ್ಮೆ ಎಲ್ಲಿಗೆ ಹೊಕ್ಕಾಳ ಗೊತ್ತೈತೇನು? ಗಂಡಸಾಗಿದ್ರ ಹೋಗಿ ನೋಡು. ಬರೇ ನೋಡಿ ಬರಬ್ಯಾಡ, ಮೆಟ್ಟಿಲ ಹತ್ತು."

ಸ್ವಂತ ಚಿಕ್ಕಮ್ಮನೇ ಹೀಗೆಂದ ಮೇಲೆ ಉಳಿದದ್ದೇನು? ಬೆಂಕಿಯಿಲ್ಲದೆ ಹೊಗೆ ಏಳುತ್ತದೆಯೇ? ಯುನೂಸನಿಗೆ ಆ ಹೊಗೆ ಕಾಣಿಸಿ ಬಹಳ ದಿನವಾಗಿತ್ತು. ಹೋದ ರಂಜಾನಿನಿಂದ ತಬಸುಮ್ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ಅವನು ಮಾತಾಡಿಸಲು ಹತ್ತಿರ ಬಂದರೆ ಸೆರಗು ಅವಳ ಮುಖಕ್ಕೆ ಬರುತ್ತಿತ್ತು. ಅಂಗಡಿಯಲ್ಲೂ ಅದೇ ಹಣೆಬರಹ. ಮೊದಲು ಎದೆಯುಬ್ಬಿಸಿ ನಿಂತು ಅಳತೆ ಕೊಡುತ್ತಿದ್ದ ಗಿರಾಕಿಗಳು ಈಗ ಹಳೆಯ ಅಂಗಿಯನ್ನು ಮೇಜಿನ ಮೇಲೆ ಎಸೆದು, "ಇದರ ಅಳತಿಗೇ ಹೊಲೀರಿ" ಎಂದು ಹೊರಟುಬಿಡುತ್ತಿದ್ದರು. ಹೆಂಡತಿಯ ಕಥೆ ಊರಿಗೆಲ್ಲ ಗೊತ್ತಾಗಿದೆ, ಮುಖ ಕೊಟ್ಟು ಮಾತಾಡಲು ಯಾರಿಗೂ ಮನಸ್ಸಿಲ್ಲ ಎಂದುಕೊಂಡ. ಊರ ಬಾಯಿಗೆ ಹೊಲಿಗೆ ಹಾಕುವ ಸೂಜಿ ಯಾವ ದರ್ಜಿಯ ಹತ್ತಿರ ಇದೆ?

ಮದುವೆಯೊಂದರಲ್ಲಿ ಅದು ಖಾತ್ರಿಯೂ ಆಯಿತು. ಅಲ್ಲಿ ನಾಲ್ಕು ಮಂದಿಗೆ ಒಂದೇ ದೊಡ್ಡ ತಾಟು, ಸುತ್ತ ಕೂತು ಉಣ್ಣಬೇಕು. ಯುನೂಸ್ ಕೂತು, ಪಕ್ಕದವನನ್ನು ಮಾತಾಡಿಸಿದ. ಉಳಿದ ಮೂವರು ಒಬ್ಬೊಬ್ಬರಾಗಿ ಎದ್ದು ಬೇರೆ ತಾಟಿಗೆ ಹೋದರು. ಬಿರಿಯಾನಿಯ ಗುಡ್ಡದ ಮುಂದೆ ಅವನೊಬ್ಬನೇ ಉಳಿದ. ಮನೆಗೆ ಬಂದು, "ನಿನ್ನ ಸಲುವಾಗಿ ನನ್ನ ತಾಟಿನಿಂದ ಮಂದಿ ಎದ್ದು ಹೋದ್ರು" ಎಂದು ಕೂಗಾಡಿದ. ತಬಸುಮ್ ಏನೋ ಹೇಳಲು ಹೋದವಳು ತಡೆದುಕೊಂಡಳು. ಮರುವಾರವೇ ಅವಳ ಅವ್ವನಿಗೆ ಆರಾಮಿಲ್ಲದಂತಾಯಿತು. ಗುರುವಾರ ಬಂತೆಂದರೆ ತಬಸುಮ್ ಅತ್ತರು ಹಚ್ಚಿಕೊಂಡು ತವರಿಗೆಂದು ಹೊರಡತೊಡಗಿದಳು.

ಇವತ್ತು ಇತ್ಯರ್ಥ. ಒಂದೋ ಕೈ ಹಿಡಿದು ಮನೆಗೆ ಕರೆದೊಯ್ಯುವುದು, ಇಲ್ಲ ತವರಿಗೆ ಬಿಟ್ಟು ಬರುವುದು. ಹದಿನೈದು ವರ್ಷದ ಸಂಸಾರ ಸಂಜೆಯೊಳಗೆ ಮುಗಿದುಹೋಗಬಹುದು.

ತಬಸುಮ್ ಔಷಧದ ಅಂಗಡಿಯ ಬಾಜುವಿನ ಕಿರಿದಾದ ಮೆಟ್ಟಿಲು ಹತ್ತಿ ಮರೆಯಾದಳು. ಯುನೂಸ್ ಓಡಿ ಬಂದು ಬೋರ್ಡು ನೋಡಿದ. ದೊಡ್ಡದೊಂದು ಹಲ್ಲಿನ ಚಿತ್ರ. ಅವನು ಅಲ್ಲೇ ನಿಂತುಬಿಟ್ಟ.

ಹಾವಿಗೆ ಹೆದರದ ಮನುಷ್ಯ ಹಲ್ಲಿನ ಡಾಕ್ಟರಿಗೆ ಹೆದರುತ್ತಿದ್ದ. ಹುಡುಗನಿದ್ದಾಗ, ಸಂತೆಯಲ್ಲಿ ಹಲ್ಲು ಕೀಳುವವನೊಬ್ಬ ಅಪ್ಪನ ಎದೆಗೆ ಮೊಣಕಾಲೂರಿ ಇಕ್ಕಳ ಹಾಕಿದ್ದನ್ನು ಕಂಡಿದ್ದ. ಆ ಕೂಗು ಇನ್ನೂ ಅವನ ಕಿವಿಯಲ್ಲಿತ್ತು. ಹೋದ ವರ್ಷ ತನ್ನದೇ ದವಡೆ ಊದಿ, "ದವಾಖಾನಿಗೆ ಹೋಗೂಣು ಬರ್ರಿ" ಎಂದು ತಬಸುಮ್ ಕೈ ಹಿಡಿದಾಗ ಕೊಸರಿಕೊಂಡು ಓಡಿದ್ದ. ಮೂರು ರಾತ್ರಿ ಮನೆಗೆ ಬರದೆ ಅಂಗಡಿಯಲ್ಲೇ ಮಲಗಿದ್ದ. ಅವಳು ಅತ್ತು, ಮತ್ತೆ ಆ ಮಾತು ಎತ್ತುವುದನ್ನೇ ಬಿಟ್ಟಳು. ಅಂದಿನಿಂದ ಅವನ ದವಡೆಯಲ್ಲಿ ಒಂದು ಲವಂಗ ಇದ್ದೇ ಇರುತ್ತಿತ್ತು.

ಆದರೆ ಅವಳಿಗೇನಾಗಿದೆ? ಎಳೆ ಜೋಳದ ಸೀತನಿ ಕಾಳಿನಂಥ ಹಲ್ಲು ಅವಳವು. ನೆಟ್ಟಗಿರುವ ಹಲ್ಲಿಗೆ ಡಾಕ್ಟರ ಹತ್ತಿರ ಏನು ಕೆಲಸ?

ಎರಡು ಮೆಟ್ಟಿಲು ಹತ್ತಿದ. ಮೇಲಿನಿಂದ ಔಷಧದ ವಾಸನೆ ಬಂತು, ಯಾವುದೋ ಯಂತ್ರ ಗುಂಯ್‌ಗುಟ್ಟಿತು. ಇಳಿದುಬಿಟ್ಟ. ಮತ್ತೆ ಹತ್ತಿದ, ಮತ್ತೆ ಇಳಿದ. ಮೇಲೆ ಹೆಂಡತಿ ಕೈಬಿಟ್ಟು ಹೋಗುತ್ತಿದ್ದಾಳೆ, ಕೆಳಗೆ ತಾನು ಹಲ್ಲು ಕೀಳುವ ಒಂದು ಕುರ್ಚಿಗೆ ಹೆದರಿ ನಿಂತಿದ್ದೇನೆ ಎಂದು ಅವನಿಗೆ ತನ್ನ ಮೇಲೇ ಹೇಸಿಗೆ ಬಂತು. ಮೆಟ್ಟಿಲ ಮೇಲೆ ಕೂತು, ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ.

ಆಗ ಮೇಲಿನಿಂದ ನಗು ಕೇಳಿಸಿತು. ತಬಸುಮ್‌ಳ ನಗು. ವರ್ಷದಿಂದ ಅವನು ಕೇಳದ ನಗು.

ಆಮೇಲೆ ಹೇಗೆ ಹತ್ತಿದನೋ ಅವನಿಗೇ ಗೊತ್ತಿಲ್ಲ. ಬಾಗಿಲು ದೂಡಿ, "ಯಾಂವ ಅಂವ? ಯಾರ ಸಲುವಾಗಿ ಇಲ್ಲಿಗೆ ಬರ್ತಿ?" ಎಂದು ಒದರಿದ.

"ಬಾಗಿಲದಾಗ ನಿಂತಾನ ನೋಡ್ರಿ, ಅಂವನ ಸಲುವಾಗಿ" ಎಂದಳು ತಬಸುಮ್.

ಕೈಗವಸು ಹಾಕಿಕೊಳ್ಳುತ್ತಿದ್ದ ಡಾಕ್ಟರು ನರೆಗೂದಲಿನ ಹೆಂಗಸು. ಬೆಂಚಿನ ಮೇಲೆ, ಎಲೆಯಡಿಕೆ ಜಗಿಯುತ್ತ, ಹಸನಬಿ. ಕುರ್ಚಿ ಖಾಲಿಯಿತ್ತು.

"ಬರ್ರಿ ಯುನೂಸ್ ಅವರ," ಎಂದರು ಡಾಕ್ಟರು. "ಗುರುವಾರಕ್ಕೊಮ್ಮೆ ಇವರು ನಿಮ್ಮ ಪಾಳಿ ಹಿಡಿದು ಕುಂತು ಕುಂತು ಹೋಗ್ತಾರ. ಇವತ್ತರೆ ಬಂದ್ರಿ."

ಯುನೂಸನ ಕಾಲು ಹಿಂದಕ್ಕೆ ಸರಿದವು. ಅಷ್ಟರಲ್ಲಿ ತಬಸುಮ್ ಬಾಗಿಲು ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದಳು.

"ಖರೇ ಹೇಳಿ ಕರದ್ರ ಓಡಿ ಹೋಗ್ತೀರಿ. ಅದಕ್ಕ ನನ್ನ ಹೆಸರು ನಾನ ಕೆಡಿಸಿಕೊಂಡೆ. ಸಂಶಯ ಬಂದ್ರರೆ ಈ ಮೆಟ್ಟಿಲ ಹತ್ತತೀರಿ ಅಂತ." ಅವಳು ಸೆರಗನ್ನು ಮೂಗಿಗೆ ಒತ್ತಿಕೊಂಡಳು. "ಆ ತಾಟಿನಿಂದ ಮಂದಿ ಎದ್ದಿದ್ದು ನನ್ನ ಸಲುವಾಗಿ ಅಲ್ಲರಿ."

ಹತ್ತಿರ ಬಂದು ಅವನ ಕೈ ಹಿಡಿದು ಕುರ್ಚಿಯ ಕಡೆ ಕರೆದಳು. "ಬಾಯಿ ತೆರೀರಿ. ಇನ್ನ ಗ್ವಾಡಿ ಕಡೆ ಮಾರಿ ಮಾಡಿ ಮಲಗಾಕ ನನ್ನ ಕಡಿಂದ ಆಗೂದಿಲ್ಲ."